ಉಪಪಾತ್ರವು ಪ್ರಣಯಪಾತ್ರವಾಗುವ ಬಗೆ

೧

ಮಹಾಕಾವ್ಯದಲ್ಲಿ ನಾಯಕ ನಾಯಿಕೆಯರಿಗಾಗಿ ಹೊತ್ತಿಸಿದ ದೀಪದ ಬೆಳಕು ಅವರ ಪರಿವಾರದವರ ಮೇಲೂ ಬೀಳುತ್ತದೆ. ಆ ಬೆಳಕಿನಲ್ಲಿ ಕ್ಷಣಕಾಲ ಕಂಡು ಮರೆಯಾದ ಮುಖಗಳನ್ನು ಸಹೃದಯನು ಕೆಲವೊಮ್ಮೆ ನಾಯಕನಿಗಿಂತಲೂ ಹೆಚ್ಚು ಕಾಲ ನೆನೆಯುವುದುಂಟು. ರವೀಂದ್ರನಾಥ ಠಾಕೂರರು ೧೯೦೭ರಲ್ಲಿ ಗ್ರಂಥರೂಪ ತಳೆದ ‘ಪ್ರಾಚೀನ ಸಾಹಿತ್ಯ’ದ ಒಂದು ಪ್ರಬಂಧದಲ್ಲಿ ಊರ್ಮಿಳೆ, ಅನಸೂಯೆ, ಪ್ರಿಯಂವದೆ, ಪತ್ರಲೇಖೆ ಇವರನ್ನು ಕಾವ್ಯದ ಉಪೇಕ್ಷಿತೆಯರೆಂದು ಕರೆದು, ಕವಿಗಳ ಕಾರ್ಪಣ್ಯವನ್ನು ವಿಚಾರಣೆಗೆ ತಂದರು. ಕನ್ನಡದಲ್ಲಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಊರ್ಮಿಳೆಗೆ ತಪಸ್ವಿನಿಯ ಗೌರವವನ್ನಿತ್ತು ಆ ಹಳೆಯ ಋಣದ ಒಂದಂಶವನ್ನು ತೀರಿಸಿತು. ಇಂಥ ಋಣ ತೀರಬೇಕಾದರೆ ಹೊಸ ಕವಿಯೊಬ್ಬನು ಹುಟ್ಟಿ ಬರಬೇಕೆಂಬುದೇ ಇದುವರೆಗಿನ ನಿಯಮ. ಆದಿಕವಿಯ ಬಳಿಗೆ ಹೋಗಿ, ಈಕೆಗೂ ಒಂದು ಸರ್ಗವನ್ನು ಬರೆದುಕೊಡೆಂದು ಕೇಳುವ ಹಾದಿ ಓದುಗನಿಗೆ ಇರಲಿಲ್ಲ.

ವಿಡಿಯೋ ಆಟವೆಂಬ ಕಲಾಪ್ರಕಾರದಲ್ಲಿ ಈ ಹಾದಿ ತೆರೆದಿದೆ. ಆಟಗಾರನ ಆಯ್ಕೆಗಳಿಗೆ ಅನುಸಾರವಾಗಿ ಕವಲೊಡೆಯುವ ಕಥನವುಳ್ಳ ಆಟಗಳಲ್ಲಿ ಕೃತಿ ಒಮ್ಮೆ ಪ್ರಕಟವಾದ ಬಳಿಕವೂ ಪರಿಷ್ಕರಣಗಳು ಬರುತ್ತವೆ, ಉತ್ತರಭಾಗಗಳು ಹೊರಡುತ್ತವೆ. ಕರ್ತೃ ಬದುಕಿರುತ್ತಾನೆ, ಆಟಗಾರರ ಒಲವು ಅವನ ಕಿವಿಗೆ ಬೀಳುತ್ತದೆ. ಹೀಗಾಗಿ, ಮೊದಲ ಆವೃತ್ತಿಯಲ್ಲಿ ಅಂಗಡಿಯ ಬಾಗಿಲಲ್ಲೋ ಶಿಬಿರದ ಅಂಚಿನಲ್ಲೋ ನಿಂತಿದ್ದ ಕಿರುಪಾತ್ರವೊಂದು ಮುಂದಿನ ಆವೃತ್ತಿಯಲ್ಲಿ ನಾಯಕನು ಪ್ರೇಮಿಸಬಹುದಾದ, ವರಿಸಬಹುದಾದ ಪಾತ್ರವಾಗಿ ಬಡ್ತಿ ಪಡೆಯುವುದು ಈ ಪ್ರಕಾರದಲ್ಲಿ ಅಪರೂಪವೇನಲ್ಲ. ಬಡ್ತಿ ಕೊಡುವುದು ಸುಲಭ, ಅದು ಸಲ್ಲತಕ್ಕದ್ದೆಂದು ಸಹೃದಯನ ಮನಸ್ಸು ಒಪ್ಪುವಂತೆ ಮಾಡುವುದು ಕಷ್ಟ. ಕೆಲವು ಪಾತ್ರಗಳಿಗೆ ಈ ಪ್ರತ್ಯಯ ಸಿದ್ಧಿಸುತ್ತದೆ, ಕೆಲವಕ್ಕೆ ಸಿದ್ಧಿಸುವುದಿಲ್ಲ. ಈ ಭೇದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ಪ್ರಶ್ನೆ.

೨

ಪ್ರಶ್ನೆಯ ಬೇರು ನಮ್ಮ ಆಲಂಕಾರಿಕರಿಗೆ ಅಪರಿಚಿತವಾದುದಲ್ಲ. ಶೃಂಗಾರಕ್ಕೆ ಸ್ಥಾಯಿಯಾದ ರತಿ ಇಬ್ಬರಲ್ಲೂ ನೆಲೆಗೊಂಡಿರಬೇಕು. ಒಬ್ಬರಲ್ಲಿ ಮಾತ್ರ ಇದ್ದು ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಅಲ್ಲಿ ಹೊಮ್ಮುವುದು ರಸವಲ್ಲ, ರಸಾಭಾಸ. ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಶೃಂಗಾರಾಭಾಸದ ಬಗೆಗಳನ್ನು ಹೇಳುವಾಗ ಅನುಭಯನಿಷ್ಠ ರತಿಯನ್ನೂ ಅವುಗಳಲ್ಲಿ ಎಣಿಸುತ್ತಾನೆ. ವಿಡಿಯೋ ಆಟದ ಪ್ರಣಯಕ್ಕೆ ಈ ಆಭಾಸದ ಭಯ ಹುಟ್ಟಿನಿಂದಲೇ ಅಂಟಿಕೊಂಡಿದೆ. ನಾಯಕನ ಮನಸ್ಸು ಆಟಗಾರನ ಮನಸ್ಸು. ಅದು ಜೀವಂತವಾದುದು, ಬೇಕಾದುದನ್ನು ಆರಿಸಬಲ್ಲುದು. ಎದುರಿಗೆ ನಿಂತವರ ಮನಸ್ಸಾದರೋ ಗಣಿತದಿಂದ ರಚಿತವಾದುದು. ಒಬ್ಬನು ನಿಜವಾಗಿ ಆರಿಸುತ್ತಾನೆ. ಇನ್ನೊಬ್ಬರು ಆರಿಸಿದಂತೆ ತೋರುತ್ತಾರೆ. ಈ ತೋರಿಕೆಗೆ ನಂಬಿಕೆಯ ಬಲ ಎಲ್ಲಿಂದ ಬರಬೇಕು?

ಗಣಿತವೆಂದುದು ಉತ್ಪ್ರೇಕ್ಷೆಯಲ್ಲ. ಎರಿಕ್ ಬ್ಯಾರೋನ್ ಎಂಬ ಅಮೆರಿಕದ ತರುಣನು ನಾಲ್ಕು ವರ್ಷಕ್ಕೂ ಮೀರಿ ಏಕಾಂಗಿಯಾಗಿ ದುಡಿದು, ಚಿತ್ರ, ಸಂಗೀತ, ಬರವಣಿಗೆ, ಗಣಕಲೇಖನ ಎಲ್ಲವನ್ನೂ ತಾನೇ ರಚಿಸಿ ೨೦೧೬ರ ಫೆಬ್ರವರಿಯಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನೇ ನೋಡಬಹುದು. ೧೯೯೬ರಲ್ಲಿ ಜಪಾನಿನಲ್ಲಿ ಮೊದಲುಗೊಂಡ ‘ಹಾರ್ವೆಸ್ಟ್ ಮೂನ್’ ಎಂಬ ಬೇಸಾಯದ ಆಟಗಳ ಪರಂಪರೆಯಲ್ಲಿ ಹುಟ್ಟಿದ ಈ ಕೃತಿ ೨೦೨೪ರ ಕೊನೆಯ ವೇಳೆಗೆ ೪ ಕೋಟಿಗೂ ಮಿಕ್ಕಿ ಪ್ರತಿಗಳಲ್ಲಿ ಮಾರಾಟವಾಗಿತ್ತು. ಇದರಲ್ಲಿ ಗ್ರಾಮಸ್ಥರೊಡನೆ ಸ್ನೇಹವು ಹೃದಯದ ಚಿಹ್ನೆಗಳಲ್ಲಿ ಅಳೆಯಲ್ಪಡುತ್ತದೆ. ಒಂದು ಹೃದಯಕ್ಕೆ ೨೫೦ ಅಂಕ. ದಿನಕ್ಕೊಮ್ಮೆ ಮಾತನಾಡಿಸಿದರೆ ಕೆಲವು ಅಂಕ. ವಾರಕ್ಕೆ ೨ ಉಡುಗೊರೆಗಳನ್ನು ಕೊಡಬಹುದು, ಮೆಚ್ಚಿನ ವಸ್ತುವಾದರೆ ೮೦ ಅಂಕ. ಅವಿವಾಹಿತರ ವಿಷಯದಲ್ಲಿ ೮ ಹೃದಯಗಳಾದ ಮೇಲೆ ಹೂಗುಚ್ಛವನ್ನಿತ್ತು ಪ್ರಣಯವನ್ನು ಸೂಚಿಸಬೇಕು; ೧೦ ಆದ ಮೇಲೆ, ಮಳೆಯ ದಿನ ಕಡಲ ತೀರಕ್ಕೆ ಬರುವ ವೃದ್ಧ ನಾವಿಕನಿಂದ ೫,೦೦೦ ನಾಣ್ಯಕ್ಕೆ ಪದಕವೊಂದನ್ನು ಕೊಂಡು ವಿವಾಹವನ್ನು ಪ್ರಸ್ತಾಪಿಸಬೇಕು. ಇದನ್ನು ಹೀಗೆ ಬರಿದಾಗಿ ಬರೆದಾಗ ಪ್ರಣಯಕ್ಕಿಂತ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕವೇ ನೆನಪಾಗುತ್ತದೆ.

ಹೀಗಿದ್ದರೂ ಲಕ್ಷಾಂತರ ಆಟಗಾರರು ಈ ಲೆಕ್ಕದ ನಡುವೆ ಯಾವುದೋ ಒಂದು ಪಾತ್ರದ ಒಲವನ್ನು ನಿಜವೆಂದು ಅನುಭವಿಸಿದ್ದಾರೆ. ಅದೂ ಮೊದಲಿನಿಂದಲೇ ವಧೂವರರ ಸಾಲಿನಲ್ಲಿ ನಿಲ್ಲಿಸಿದ ಪಾತ್ರಗಳಿಗಿಂತ, ಸಾಲಿನ ಹೊರಗಿದ್ದು ಆಮೇಲೆ ಒಳಬಂದ ಪಾತ್ರಗಳಲ್ಲಿ ಈ ಅನುಭವ ಕೆಲವೊಮ್ಮೆ ತೀವ್ರವಾಗಿರುವುದುಂಟು. ಇದಕ್ಕೆ ಸಮಾಧಾನ ಹೀಗಿರಬೇಕೆಂದು ತೋರುತ್ತದೆ: ಒಲಿಯದೆಯೂ ಇರಬಲ್ಲವರೆಂದು ನಂಬಿಕೆ ಹುಟ್ಟಿಸಿದವರ ಒಲವನ್ನು ಮಾತ್ರ ಮನಸ್ಸು ಒಲವೆಂದು ಒಪ್ಪುತ್ತದೆ. ಪ್ರಣಯಕ್ಕಾಗಿಯೇ ಸೃಷ್ಟಿಯಾದ ಪಾತ್ರವು ಮೊದಲ ದಿನದಿಂದಲೂ ನಾಯಕನ ದಾರಿ ಕಾಯುತ್ತಿರುತ್ತದೆ. ಅದರ ಕೋಪತಾಪಗಳೂ ಒಲಿಯುವುದಕ್ಕೆ ಹಾಕಿದ ಮೆಟ್ಟಿಲುಗಳೆಂಬುದು ಬೇಗನೆ ಬಯಲಾಗುತ್ತದೆ. ಉಪಪಾತ್ರವಾದರೋ ಬೇರೆ ಕೆಲಸಕ್ಕಾಗಿ ಹುಟ್ಟಿದ್ದು. ಅದಕ್ಕೆ ತನ್ನದೇ ದುಡಿಮೆ, ತನ್ನವರು, ತನ್ನ ದುಃಖ ಇವುಂಟು. ಇವುಗಳಲ್ಲಿ ಯಾವುದೂ ನಾಯಕನನ್ನು ಉದ್ದೇಶಿಸಿದ್ದಲ್ಲ. ಈ ಅನಪೇಕ್ಷ ಜೀವನವೇ ಅದರ ಮೂಲಧನ. ಬಡ್ತಿ ಕೊಡುವಾಗ ಕರ್ತೃವು ಈ ಮೂಲಧನವನ್ನು ಉಳಿಸಿಕೊಂಡನೋ ಕಳೆದನೋ ಎಂಬುದರ ಮೇಲೆ ಪ್ರಣಯದ ಪ್ರತ್ಯಯ ನಿಂತಿದೆ.

೩

ಈ ಮಾತನ್ನು ಎರಡು ಪ್ರಸಿದ್ಧ ನಿದರ್ಶನಗಳಲ್ಲಿ ಮೊದಲು ಪರೀಕ್ಷಿಸಬಹುದು. ಎರಡೂ ಕೆನಡಾ ದೇಶದ ಬಯೋವೇರ್ ಸಂಸ್ಥೆಯ ಆಟಗಳಿಂದ ಬಂದವು.

೨೦೦೭ರ ‘ಮಾಸ್ ಎಫೆಕ್ಟ್’ನಲ್ಲಿ ಗ್ಯಾರಸ್ ವಕೇರಿಯನ್ ಎಂಬವನು ನಾಯಕ ಶೆಪರ್ಡ್‌ನ ಸಂಗಡಿಗರಲ್ಲಿ ಒಬ್ಬ. ಅವನು ಮನುಷ್ಯನಲ್ಲ; ಟೂರಿಯನ್ ಎಂಬ, ಹಕ್ಕಿಯ ಛಾಯೆಯುಳ್ಳ ಗಡುಸು ಮುಖದ ಅನ್ಯಲೋಕದ ಜನಾಂಗಕ್ಕೆ ಸೇರಿದ ಪೊಲೀಸು ಅಧಿಕಾರಿ. ಅವನನ್ನು ಸಂಗಡ ಸೇರಿಸಿಕೊಳ್ಳದೆಯೇ ಕಥೆಯನ್ನು ಮುಗಿಸಲು ಸಾಧ್ಯವಿತ್ತೆಂದರೆ ಆ ಪಾತ್ರದ ಸ್ಥಾನ ಎಷ್ಟರದೆಂಬುದು ತಿಳಿಯುತ್ತದೆ. ಮೊದಲ ಭಾಗದಲ್ಲಿ ಪ್ರಣಯಕ್ಕೆ ನಿಯಮಿತರಾದವರು ಬೇರೆ ಮೂವರು. ೨೦೧೦ರ ಎರಡನೆಯ ಭಾಗದಲ್ಲಿ ಗ್ಯಾರಸ್, ಶೆಪರ್ಡಳು ಸ್ತ್ರೀಯಾಗಿದ್ದ ಪಕ್ಷದಲ್ಲಿ, ಪ್ರೇಮಿಯಾಗಬಲ್ಲವನಾದ. ಎರಡು ಭಾಗಗಳ ನಡುವೆ ಕಥೆಯಲ್ಲಿ ಎರಡು ವರ್ಷಗಳು ಸಂದಿವೆ. ಆ ಅವಧಿಯಲ್ಲಿ ಶೆಪರ್ಡ್ ಸತ್ತುಹೋಗಿದ್ದು ಅನಂತರ ಪುನರುಜ್ಜೀವಿತಳಾಗುತ್ತಾಳೆ. ಕರ್ತೃಗಳ ಜಾಣ್ಮೆ ಈ ಎರಡು ವರ್ಷಗಳಲ್ಲಿದೆ. ನಾಯಕಿ ಇಲ್ಲದ ಲೋಕದಲ್ಲಿ ಗ್ಯಾರಸ್ ಒಮೆಗಾ ಎಂಬ ಕಾನೂನಿಲ್ಲದ ನೆಲೆಗೆ ಹೋಗಿ, ತನ್ನದೇ ತಂಡವನ್ನು ಕಟ್ಟಿ, ದುಷ್ಟರನ್ನು ದಂಡಿಸಿ, ತನ್ನವನೊಬ್ಬನ ದ್ರೋಹದಿಂದ ಆ ತಂಡವನ್ನು ಕಳೆದುಕೊಂಡಿದ್ದಾನೆ. ಶೆಪರ್ಡ್ ಅವನನ್ನು ಮತ್ತೆ ಕಾಣುವಾಗ ಅವನು ಒಬ್ಬಂಟಿಯಾಗಿ ಶತ್ರುಗಳನ್ನು ತಡೆಯುತ್ತಿರುತ್ತಾನೆ. ಆ ಕಾದಾಟದಲ್ಲೇ ಅವನ ಮುಖದ ಒಂದು ಪಾರ್ಶ್ವ ಸಿಡಿಮದ್ದಿಗೆ ಸಿಕ್ಕಿ ಗಾಯದ ಗುರುತನ್ನು ಶಾಶ್ವತವಾಗಿ ಪಡೆಯುತ್ತದೆ.

ಮೊದಲ ಭಾಗದ ಗ್ಯಾರಸ್ ಉಪದೇಶಕ್ಕಾಗಿ ಮುಖ ನೋಡುತ್ತಿದ್ದ ಶಿಷ್ಯಪ್ರಾಯನು. ಎರಡನೆಯ ಭಾಗದ ಗ್ಯಾರಸ್ ತಾನೇ ನಾಯಕನಾಗಿ ಸೋತವನು. ಸೋಲು ಅವನನ್ನು ಸಮಾನನನ್ನಾಗಿಸಿದೆ. ಆಮೇಲೆ ಪ್ರಣಯದ ಮಾತು ಬಂದಾಗ ಅವನು ತಡವರಿಸುತ್ತಾನೆ. ಭಿನ್ನ ಜನಾಂಗದ ದೇಹಗಳ ಸಂಕೋಚವನ್ನು ಹಾಸ್ಯದಿಂದ ಮುಚ್ಚಲು ನೋಡುತ್ತಾನೆ. ಕಡೆಯ ಕಾಳಗದ ಮುನ್ನ ಮದ್ಯದ ಸೀಸೆಯನ್ನು ಹಿಡಿದು ಅವಳ ಕೋಣೆಗೆ ಬಂದಾಗಲೂ ಅವನ ಧೈರ್ಯ ಅರ್ಧವೇ. ಎಲ್ಲ ಯುದ್ಧಗಳಲ್ಲೂ ಗುರಿ ತಪ್ಪದವನು ಇಲ್ಲಿ ತಪ್ಪುತ್ತಾನೆ. ಭರತನು ಹೇಳುವ ವ್ಯಭಿಚಾರಿ ಭಾವಗಳಲ್ಲಿ ವ್ರೀಡೆ, ಶಂಕೆ, ಚಪಲತೆ ಇವು ಸಾಲಾಗಿ ಬಂದು ಹೋಗುವುದರಿಂದ ಸ್ಥಾಯಿಯು ಪುಷ್ಟಿಗೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಸ್ನೇಹವು ಅಳಿಯದೆ ಅದರ ಮೇಲೆಯೇ ಪ್ರಣಯ ಮೊಳೆತಿದೆ. ಅವನನ್ನು ಪ್ರೇಮಿಸದೆ ಬಿಟ್ಟರೂ ಅವನು ಅದೇ ಗ್ಯಾರಸ್; ಅವನ ಗೆಳೆತನಕ್ಕೆ ಒಂದಿಷ್ಟೂ ಊನವಿಲ್ಲ.

ಎರಡನೆಯ ನಿದರ್ಶನ ಲೇಸ್ ಹಾರ್ಡಿಂಗ್. ೨೦೧೪ರ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ನಲ್ಲಿ ಈಕೆ ನಿಜಕ್ಕೂ ಕಿರುಪಾತ್ರ. ಕುಬ್ಜ ಜನಾಂಗದ ಈ ಬೇಹುಗಾರ್ತಿ ನಾಯಕನು ಹೊಸ ಪ್ರಾಂತಕ್ಕೆ ಕಾಲಿಟ್ಟಾಗಲೆಲ್ಲ ಮುಂಚೂಣಿಯ ಶಿಬಿರದಲ್ಲಿ ಎದುರುಗೊಂಡು, ಅಲ್ಲಿಯ ಅಪಾಯಗಳನ್ನು ನಾಲ್ಕು ಮಾತಿನಲ್ಲಿ ವರದಿ ಮಾಡಿ ಸರಿಯುತ್ತಾಳೆ. ನಾಯಕನಿಗಿಂತ ಮೊದಲೇ ಆಕೆ ಅಲ್ಲಿದ್ದಳೆಂಬ ಒಂದೇ ಸಂಗತಿ ಸಾಕು. ಜೌಗು, ಮರುಭೂಮಿ, ಹಿಮಪ್ರದೇಶಗಳಲ್ಲಿ ಒಬ್ಬಳೇ ನಡೆದ ಕಾಣದ ಪಯಣವೊಂದು ಸಹೃದಯನ ಕಲ್ಪನೆಯಲ್ಲಿ ಬೆಳೆಯುತ್ತದೆ. ನಾಯಕನು ಸರಸದ ಮಾತಾಡಿದರೆ ಆಕೆ ತಬ್ಬಿಬ್ಬಾಗುತ್ತಾಳೆ. ಅಷ್ಟೇ, ಆದರೆ ಆ ಅಷ್ಟು ಧ್ವನಿಪೂರ್ಣವಾಗಿತ್ತು. ೨೦೧೫ರ ಅನುಬಂಧಭಾಗ ‘ಟ್ರೆಸ್‌ಪಾಸರ್’ನಲ್ಲಿ ಈ ಸರಸಕ್ಕೆ ಚಿಕ್ಕದೊಂದು ಫಲ ದೊರೆಯಿತು. ೨೦೨೪ರ ಅಕ್ಟೋಬರ್ ಕೊನೆಯಲ್ಲಿ ಬಂದ ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ನಲ್ಲಿ ಹಾರ್ಡಿಂಗ್ ಏಳು ಮಂದಿ ಸಂಗಡಿಗರಲ್ಲಿ ಒಬ್ಬಳಾಗಿ, ಪೂರ್ಣಪ್ರಮಾಣದ ಪ್ರಣಯಪಾತ್ರವಾದಳು.

ಇಲ್ಲಿ ಎರಡು ತೊಡಕುಗಳಿವೆ. ಹೊಸ ಕಥೆಯ ನಾಯಕನು ಹಳೆಯವನಲ್ಲ, ರೂಕ್ ಎಂಬ ಬೇರೊಬ್ಬ. ಹಿಂದಿನ ಶಿಬಿರಗಳ ನೆನಪು ಆಟಗಾರನ ಎದೆಯಲ್ಲಿ ಇದೆಯೇ ಹೊರತು ನಾಯಕನ ಎದೆಯಲ್ಲಿಲ್ಲ. ಆದುದರಿಂದ ಗ್ಯಾರಸನಿಗೆ ಒದಗಿದ ಸಹಚರ್ಯದ ಬಲ ಈಕೆಗೆ ಒದಗುವುದಿಲ್ಲ. ಎರಡನೆಯದು ಇದಕ್ಕಿಂತ ಗಹನವಾದುದು. ಆ ಲೋಕದಲ್ಲಿ ಕುಬ್ಜರಿಗೆ ಮಂತ್ರಶಕ್ತಿ ಇಲ್ಲ. ಹಾರ್ಡಿಂಗಳಿಗೆ ಮಾತ್ರ ಒಂದು ಮಾಂತ್ರಿಕ ಬಾಕುವಿನ ಸ್ಪರ್ಶದಿಂದ ಶಿಲೆಯನ್ನಾಳುವ ಶಕ್ತಿ ಬರುತ್ತದೆ, ತನ್ನ ಜನಾಂಗದ ಆದಿಪೂರ್ವಜರಾದ ಟೈಟನ್‌ಗಳ ರೋಷ ಆಕೆಯಲ್ಲಿ ಎಚ್ಚರಗೊಳ್ಳುತ್ತದೆ. ಕಿರಿಯಳನ್ನು ಹಿರಿಯಳನ್ನಾಗಿ ಮಾಡುವುದಕ್ಕೆ ಕರ್ತೃಗಳು ಹಿಡಿದ ಹಾದಿ ಇದು. ಹಿರಿಮೆ ಬಂತೆಂಬುದು ನಿಜ. ಆದರೆ ಹಿರಿಮೆಯೇ ಬೇರೆ, ಆಪ್ತತೆಯೇ ಬೇರೆ. ವರದಿ ಒಪ್ಪಿಸುತ್ತಿದ್ದ ಆ ಸಾಮಾನ್ಯಳ ನಡೆಯಲ್ಲಿದ್ದ ಆಕರ್ಷಣೆಗೂ ಈ ದೈವದತ್ತ ಶಕ್ತಿಗೂ ಅಂಗಾಂಗಿಭಾವ ಸಾಲದು.

ಈ ಹಾದಿಗೆ ಪ್ರಾಚೀನವಾದ ಹೋಲಿಕೆ ‘ಕಾದಂಬರಿ’ಯಲ್ಲಿಯೇ ಉಂಟು. ಬಾಣಭಟ್ಟನ ಪತ್ರಲೇಖೆ ಸೆರೆಯಾಗಿ ಬಂದ ರಾಜಕುವರಿ. ಚಂದ್ರಾಪೀಡನ ತಾಂಬೂಲಕರಂಕವಾಹಿನಿಯಾಗಿ ನೆರಳಿನಂತೆ ಅವನನ್ನು ಅನುಸರಿಸುತ್ತಾಳೆ. ಇಷ್ಟು ಸಾಮೀಪ್ಯವಿದ್ದೂ ಕವಿ ಆಕೆಗೆ ಒಂದು ಹೃದಯವಿದ್ದೀತೆಂದು ಶಂಕಿಸುವುದಿಲ್ಲವೆಂಬುದೇ ರವೀಂದ್ರರ ಆಕ್ಷೇಪ. ತಂದೆ ಅರ್ಧಕ್ಕೆ ಬಿಟ್ಟ ಕಥೆಯನ್ನು ಮುಂದುವರಿಸಿದ ಭೂಷಣಭಟ್ಟನ ಉತ್ತರಭಾಗದ ಕೊನೆಗೆ, ಚಂದ್ರಾಪೀಡನು ಚಂದ್ರನ ಅವತಾರವೆಂದೂ ಪತ್ರಲೇಖೆ ಸಾಕ್ಷಾತ್ ರೋಹಿಣಿಯೆಂದೂ ತಿಳಿದುಬರುತ್ತದೆ. ನಾಗವರ್ಮನ ಕನ್ನಡ ‘ಕಾದಂಬರಿ’ಯನ್ನು ಬಲ್ಲವರಿಗೆ ಈ ಕಥೆ ಹೊಸದಲ್ಲ. ಉಪೇಕ್ಷಿತೆಗೆ ದೇವಪತ್ನಿಯ ಪಟ್ಟ ದೊರೆಯಿತು. ಆದರೆ ತಾಂಬೂಲದ ಕರಂಡವನ್ನು ಹಿಡಿದು ನಿಂತ ಆ ಹೆಣ್ಣಿನ ಮನಸ್ಸು ಅಂದಿಗೂ ಅಜ್ಞಾತವಾಗಿಯೇ ಉಳಿಯಿತು. ಪದವಿಯಿಂದ ಪ್ರಣಯ ಪ್ರತೀತವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಹಾರ್ಡಿಂಗಳ ಪಾತ್ರ ನಿಜವಾಗಿ ಮನಸ್ಸನ್ನು ಕಲಕುವುದು ಕಥಾಂತ್ಯದ ಸಮೀಪದಲ್ಲಿ. ಆಕೆಯನ್ನೋ ಡಾವ್ರಿನ್ ಎಂಬ ಇನ್ನೊಬ್ಬ ಸಂಗಡಿಗನನ್ನೋ ನಾಯಕನು ಎರಡನೆಯ ತಂಡದ ಮುಂದಾಳಾಗಿ ಕಳುಹಿಸಬೇಕಾಗುತ್ತದೆ, ಹೋದವರು ಮರಳುವುದಿಲ್ಲ. ಅಲ್ಲಿ ಆಕೆ ಮತ್ತೆ ಮುಂಚೂಣಿಗೆ ಹೋಗುವ ಹಳೆಯ ಬೇಹುಗಾರ್ತಿಯಾಗುತ್ತಾಳೆ. ಆ ಕಾರಣದಿಂದಲೇ ಆ ಘಟ್ಟ ಸತ್ಯವೆನಿಸುತ್ತದೆ.

೪

ಈಗ ‘ಸ್ಟಾರ್‌ಡ್ಯೂ ವ್ಯಾಲಿ’ಗೆ ಮರಳಬಹುದು. ಪ್ರಥಮ ಆವೃತ್ತಿಯಲ್ಲಿ ಪೆಲಿಕನ್ ಟೌನ್ ಎಂಬ ಹಳ್ಳಿಯಲ್ಲಿ ವರಿಸತಕ್ಕವರು ೫ ಮಂದಿ ಗಂಡಸರು, ೫ ಮಂದಿ ಹೆಂಗಸರು. ೨೦೧೬ರ ಅಕ್ಟೋಬರಿನ ಪರಿಷ್ಕರಣದಲ್ಲಿ ಇನ್ನಿಬ್ಬರು ಈ ಸಾಲಿಗೆ ಸೇರಿದರು: ಶೇನ್ ಮತ್ತು ಎಮಿಲಿ. ಅದುವರೆಗೆ ಇಬ್ಬರೂ ಹಳ್ಳಿಯ ಚಿತ್ರಕ್ಕೆ ಬಣ್ಣ ತುಂಬುವ ನಿವಾಸಿಗಳು ಮಾತ್ರ. ಇವರಲ್ಲಿ ಶೇನ್‌ನ ಪಾತ್ರ ಇಂಥ ಬಡ್ತಿಯ ಅತ್ಯಂತ ಬೋಧಪ್ರದವಾದ ಉದಾಹರಣೆ.

ಶೇನ್ ಜೋಜಾ ಮಾರ್ಟ್ ಎಂಬ ದೊಡ್ಡ ಕಂಪನಿಯ ಅಂಗಡಿಯಲ್ಲಿ ಸರಕನ್ನು ಜೋಡಿಸುವ ಕೂಲಿ. ಮಾರ್ನಿ ಎಂಬ ಅತ್ತೆಯ ಪಶುಶಾಲೆಯ ಒಂದು ಕೋಣೆಯಲ್ಲಿ ವಾಸ. ತಾಯಿತಂದೆಯಿಲ್ಲದ ಜಾಸ್ ಎಂಬ ಹುಡುಗಿಗೆ ಅವನು ಧರ್ಮಪಿತ. ಹಗಲು ಅಂಗಡಿ, ಸಂಜೆ ಹೆಂಡದಂಗಡಿಯ ಮೂಲೆ. ಹೊಸದಾಗಿ ಬಂದ ರೈತನು ಮಾತನಾಡಿಸಿದರೆ, ಗುರುತಿಲ್ಲದವನೊಡನೆ ಏನು ಮಾತೆಂಬ ಧಾಟಿಯಲ್ಲಿ ಸಿಡುಕುತ್ತಾನೆ; ಆ ಸಿಡುಕು ಒಂದೆರಡು ದಿನದ್ದಲ್ಲ, ವಾರಗಟ್ಟಲೆ ಸಾಗುತ್ತದೆ. ಕಿರುಪಾತ್ರವಾಗಿ ನೋಡಿದಾಗ ಇದು ಹಳ್ಳಿಯ ಒಬ್ಬ ಒರಟನ ಸ್ವಭಾವಚಿತ್ರ. ಪರಿಷ್ಕೃತ ಆವೃತ್ತಿಯಲ್ಲಿ ಕರ್ತೃವು ಈ ಒರಟುತನವನ್ನು ತಿದ್ದಲು ಹೋಗಲಿಲ್ಲ. ಅದರ ಒಳಗನ್ನು ತೆರೆದು ತೋರಿಸಿದನು. ಹಳೆಯ ಸಿಡುಕಿಗೆ ಹೊಸ ಅರ್ಥ ಹಿಂದುಹಿಂದಕ್ಕೆ ಹರಿಯಿತು. ಮೊದಲ ದಿನದ ಮಾತೂ ಈಗ ಬೇರೆಯಾಗಿ ಕೇಳುತ್ತದೆ.

ತೆರೆಯುವ ಕ್ರಮವನ್ನು ಗಮನಿಸಬೇಕು. ಎರಡು ಹೃದಯಗಳ ಸ್ನೇಹವಾದಾಗ ರಾತ್ರಿಯ ಹೊತ್ತು ಕೊಳದ ಕಟ್ಟೆಯ ಮೇಲೆ ಅವನು ಕುಳಿತಿರುವುದು ಕಾಣುತ್ತದೆ. ಕೈಯಲ್ಲಿದ್ದ ಬಿಯರನ್ನು ಹಂಚಿಕೊಳ್ಳುತ್ತಾನೆ, ಏನು ಮಾಡಿದರೂ ಸೋಲೇ ಎಂಬ ಭಾವವನ್ನು ತೋಡಿಕೊಳ್ಳುತ್ತಾನೆ. ನಾಲ್ಕಾದಾಗ ಅವನು ಕುಡಿದು ಪ್ರಜ್ಞೆ ತಪ್ಪಿ ಕೋಣೆಯ ನೆಲದ ಮೇಲೆ ಬಿದ್ದಿರುತ್ತಾನೆ. ಎಚ್ಚರಿಸಿ ಮುಂದಿನ ಬದುಕಿನ ಯೋಚನೆ ಏನೆಂದು ಮಾರ್ನಿ ಕೇಳಿದರೆ, ಯೋಚನೆ ಬೇಕಾಗುವಷ್ಟು ಕಾಲ ತಾನು ಇರಲಾರೆನೆಂಬ ಅರ್ಥದ ಉತ್ತರ ಕೊಡುತ್ತಾನೆ. ಬಾಗಿಲ ಬಳಿ ನಿಂತಿದ್ದ ಜಾಸ್ ಅದನ್ನು ಕೇಳಿ ಅಳುತ್ತ ಓಡುತ್ತಾಳೆ. ಈ ದೃಶ್ಯದಲ್ಲಿ ನಾಯಕನು ಬರಿಯ ಸಾಕ್ಷಿ. ಆ ಮಾತು ಅವನಿಗಾಗಿ ಆಡಿದ್ದಲ್ಲ, ಆ ಕಣ್ಣೀರು ಅವನಿಗಾಗಿ ಬಂದದ್ದಲ್ಲ. ಒಂದು ಮನೆಯೊಳಗಿನ ದುಃಖವನ್ನು ಹೊಸಲಿನಲ್ಲಿ ನಿಂತು ನೋಡಿದ ಸಂಕೋಚ ಆಟಗಾರನಿಗೆ ಉಂಟಾಗುತ್ತದೆ. ಪ್ರಣಯಕ್ಕೆ ಇದಕ್ಕಿಂತ ದೂರವಾದ ಸನ್ನಿವೇಶವಿಲ್ಲ. ಮುಂದಿನ ಪ್ರಣಯಕ್ಕೆ ಇದಕ್ಕಿಂತ ಭದ್ರವಾದ ತಳಹದಿಯೂ ಇಲ್ಲ.

ಆರು ಹೃದಯಗಳ ಘಟ್ಟದಲ್ಲಿ, ಮಳೆ ಸುರಿಯುವ ದಿನ, ಕಾಡಿನಂಚಿನ ಕಡಿದಾದ ಬಂಡೆಯ ಮೇಲೆ ಶೇನ್ ಬಿಯರಿನ ಖಾಲಿ ಡಬ್ಬಿಗಳ ನಡುವೆ ಬಿದ್ದಿದ್ದಾನೆ. ಅಲ್ಲಿಂದ ಉರುಳಿಹೋಗದಿರಲು ಕಾರಣವೇನೆಂದು ಕೇಳುತ್ತಾನೆ. ಆಟಗಾರನಿಗೆ ನಾಲ್ಕು ಉತ್ತರಗಳ ಆಯ್ಕೆ ದೊರೆಯುತ್ತದೆ. ಇಂಥ ಸ್ಥಳದಲ್ಲಿ ಸಾಮಾನ್ಯ ಕಥೆಗಾರನು ಸರಿಯಾದ ಒಂದು ಮಾತಿಗೆ ಜೀವವುಳಿಸುವ ಶಕ್ತಿಯನ್ನು ಕೊಟ್ಟು, ನಾಯಕನ ಪ್ರೇಮವೇ ಸಂಜೀವಿನಿಯೆಂದು ಸಾರಿಬಿಡುತ್ತಿದ್ದನು. ಬ್ಯಾರೋನ್ ಹಾಗೆ ಮಾಡಲಿಲ್ಲ. ಯಾವ ಉತ್ತರವನ್ನಿತ್ತರೂ ದಾರಿ ಹೋಗುವುದು ಊರ ವೈದ್ಯ ಹಾರ್ವಿಯ ಚಿಕಿತ್ಸಾಲಯಕ್ಕೆ. ವೈದ್ಯನು ದೇಹಕ್ಕಿಂತ ಮನಸ್ಸಿನ ಸ್ಥಿತಿಯೇ ಹೆಚ್ಚು ಚಿಂತೆಗೆ ಕಾರಣವೆಂದು ಹೇಳಿ, ಝುಝು ಸಿಟಿ ಎಂಬ ನಗರದಲ್ಲಿನ ಆಪ್ತಸಲಹಾಕಾರರ ಬಳಿಗೆ ಕಳುಹಿಸುವ ಏರ್ಪಾಡನ್ನು ಮಾಡುತ್ತಾನೆ. ನಾಯಕನ ಪಾಲಿಗೆ ಉಳಿದದ್ದು ಜೊತೆಗೆ ಹೋಗಿ ಮುಟ್ಟಿಸಿದ ಪುಣ್ಯವಷ್ಟೆ.

ಈ ಸಂಯಮದಲ್ಲಿ ಕಲೆಯ ಔಚಿತ್ಯವೂ ಲೋಕದ ಔಚಿತ್ಯವೂ ಒಂದಾಗಿವೆ. ಮನೋವ್ಯಾಧಿಯನ್ನು ಪ್ರೇಮವು ವಾಸಿಮಾಡುತ್ತದೆಂಬುದು ಕಥೆಗಳು ಹರಡಿದ ಹಾನಿಕರವಾದ ಸುಳ್ಳುಗಳಲ್ಲಿ ಒಂದು. ಅದನ್ನು ನಂಬಿ ಬೇರೊಬ್ಬರ ಜೀವದ ಭಾರವನ್ನು ತಮ್ಮ ತಲೆಯ ಮೇಲೆ ಹೊತ್ತವರು ಲೋಕದಲ್ಲಿ ಎಷ್ಟೋ ಮಂದಿ. ಜೀವ ಉಳಿಯದೆ ಹೋದರೆ ತಮ್ಮ ಪ್ರೀತಿಯೇ ಸಾಲದಾಯಿತೆಂದು ಕೊರಗುವವರೂ ಅವರೇ. ಶೇನ್‌ನ ಕಥೆ ಈ ಸುಳ್ಳನ್ನು ಹೇಳುವುದಿಲ್ಲ. ಅವನ ಚೇತರಿಕೆ ಅವನದು, ವೈದ್ಯನದು, ಮಾರ್ನಿ ಜಾಸರದು. ಪ್ರೇಮಿ ಅದರ ಒಬ್ಬ ಪಾಲುದಾರ ಮಾತ್ರ. ಚೇತರಿಕೆಯ ಗುರುತಾಗಿ ಕರ್ತೃವು ಆರಿಸಿಕೊಂಡದ್ದೂ ಪ್ರಣಯದ ವಸ್ತುವಲ್ಲ: ನೀಲಿ ಬಣ್ಣದ ಕೋಳಿಗಳು. ಎಂಟು ಹೃದಯಗಳಾದಾಗ ಶೇನ್ ತಾನು ಸಾಕಿ ಬೆಳೆಸಿದ ಆ ತಳಿಯನ್ನು ತೋರಿಸುತ್ತಾನೆ. ಆಮೇಲೆ ನಾಯಕನ ಗೂಡಿಗೂ ಅಂಥ ಕೋಳಿ ಬರಬಹುದು. ಒಬ್ಬ ಮನುಷ್ಯನಿಗೆ ಬೆಳಿಗ್ಗೆ ಎದ್ದು ಕಾಳು ಹಾಕಬೇಕಾದ ಜೀವಗಳಿವೆ ಎಂಬುದು ಬದುಕುವುದಕ್ಕೆ ಸಣ್ಣ ಕಾರಣವೇನಲ್ಲ.

ಇನ್ನೊಂದು ಸೂಕ್ಷ್ಮವನ್ನು ಹೇಳದೆ ಈ ವಿಮರ್ಶೆ ಪೂರ್ಣವಾಗದು. ಆಟದ ಆರಂಭದಲ್ಲಿ ನಾಯಕನು ಜೋಜಾ ಕಂಪನಿಯದೇ ಕಚೇರಿಯಲ್ಲಿ ಗುಮಾಸ್ತನಾಗಿ ಬೇಸತ್ತಿರುತ್ತಾನೆ. ತಾತನ ಕಾಗದವನ್ನು ಒಡೆದು ಓದಿ, ಅವನು ಬಿಟ್ಟುಹೋದ ಹೊಲಕ್ಕೆ ಹೊರಟುಬರುತ್ತಾನೆ. ಶೇನ್‌ನ ಪಾಲಿಗೆ ತಾತನೂ ಇಲ್ಲ, ಹೊಲವೂ ಇಲ್ಲ. ಅದೇ ಕಂಪನಿಯ ಅಂಗಡಿಯಲ್ಲಿ ಅವನು ಉಳಿದಿದ್ದಾನೆ. ತಾತನ ಕಾಗದ ಬರದಿದ್ದರೆ ನಾಯಕನು ಏನಾಗುತ್ತಿದ್ದನೋ ಅದೇ ಶೇನ್. ಕೃತಿ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ವಾಚ್ಯವಾಗದೆ ಧ್ವನಿತವಾಗಿಯೇ ಉಳಿದಿದೆ. ಉಳಿದ ಹನ್ನೊಂದು ಮಂದಿಯಲ್ಲಿ ಯಾರಿಗೂ ನಾಯಕನ ಬಿಟ್ಟುಬಂದ ಬದುಕಿನೊಡನೆ ಇಷ್ಟು ನಿಕಟವಾದ ಸಂಬಂಧವಿಲ್ಲ. ಅಂಚಿನಿಂದ ಬಂದ ಪಾತ್ರವು ಕೇಂದ್ರದ ಗುಟ್ಟನ್ನು ಬಲ್ಲುದಾಗಿತ್ತು.

ಅವನೊಡನೆಯೇ ಬಡ್ತಿ ಪಡೆದ ಎಮಿಲಿಯ ವಿಷಯ ಬೇರೆ. ಹೆಂಡದಂಗಡಿಯಲ್ಲಿ ಬಡಿಸುತ್ತ, ಬಿಡುವಿನಲ್ಲಿ ಬಟ್ಟೆ ಹೊಲಿಯುತ್ತ, ಗಾಯಗೊಂಡ ಗಿಳಿಯನ್ನು ಉಪಚರಿಸುತ್ತ ಇರುವ ಈಕೆ ಸದಾ ಪ್ರಸನ್ನೆ. ನಾಯಕನನ್ನು ಕಂಡ ದಿನವೇ ಈಕೆಯ ಮನೆಯ ಬಾಗಿಲು ತೆರೆದಂತಿದೆ. ಆದುದರಿಂದ ಒಲಿಯುವುದಕ್ಕೂ ಒಲಿಯದಿರುವುದಕ್ಕೂ ನಡುವಣ ಅಂತರ ಚಿಕ್ಕದು. ಈ ಕೊರತೆಯನ್ನು ಕೊಂಚ ತುಂಬುವವನು ಮತ್ತೊಬ್ಬ ಉಪಪಾತ್ರ, ಕಮ್ಮಾರ ಕ್ಲಿಂಟ್. ಅವನಿಗೆ ಎಮಿಲಿಯ ಮೇಲೆ ಮನಸ್ಸುಂಟು, ಹೇಳಿಕೊಳ್ಳುವ ಬಾಯಿಲ್ಲ. ಇನ್ನೊಬ್ಬನ ಮೂಕ ಹಂಬಲಿಕೆಯಲ್ಲಿ ಪ್ರತಿಬಿಂಬಿತಳಾದಾಗ ಎಮಿಲಿಗೂ ನಾಯಕನಿಲ್ಲದ ಒಂದು ಬದುಕಿದೆಯೆಂಬುದು ಹೊಳೆಯುತ್ತದೆ. ಒಬ್ಬ ಉಪೇಕ್ಷಿತೆಗೆ ಸಂದ ನ್ಯಾಯವು ಇನ್ನೊಬ್ಬ ಉಪೇಕ್ಷಿತನ ಸೋಲಿನಿಂದ ಬೆಲೆ ಪಡೆಯುತ್ತದೆಂಬುದು ಇಲ್ಲಿಯ ವಿಷಾದ.

೫

ಗುಣಗಳನ್ನು ಇಷ್ಟು ಹೇಳಿದ ಮೇಲೆ ದೋಷಗಳನ್ನೂ ಎಣಿಸಬೇಕಾದುದು ನ್ಯಾಯ. ಶೇನ್‌ನ ಪಾತ್ರದಲ್ಲಿ ಎರಡು ದೋಷಗಳು ಎದ್ದು ಕಾಣುತ್ತವೆ, ಎರಡೂ ಅಲ್ಪವಲ್ಲ.

ಮೊದಲನೆಯದು ಕಥೆಗೂ ಗಣಿತಕ್ಕೂ ನಡುವಣ ವಿರೋಧ. ಶೇನ್‌ನ ಅಚ್ಚುಮೆಚ್ಚಿನ ಉಡುಗೊರೆಗಳ ಪಟ್ಟಿಯಲ್ಲಿ ಖಾರದ ಮೆಣಸಿನಕಾಯಿ, ಪಿಜ್ಜಾ ಇವುಗಳ ಜೊತೆಗೆ ಬಿಯರ್ ಇದೆ. ಬಂಡೆಯ ಮೇಲಿನ ಆ ಮಳೆಯ ದಿನ ಕಳೆದ ಬಳಿಕವೂ ಅದು ಪಟ್ಟಿಯಿಂದ ಹೊರಗೆ ಬರುವುದಿಲ್ಲ. ಚಿಕಿತ್ಸಾಲಯದಿಂದ ಮರಳಿದ ಮನುಷ್ಯನ ಕೈಗೆ ಬಿಯರಿನ ಲೋಟವನ್ನಿಟ್ಟರೆ ಸ್ನೇಹದ ಲೆಕ್ಕ ಮತ್ತೆ ೮೦ ಅಂಕ ಏರುತ್ತದೆ. ಮಾತು ಒಂದನ್ನು ಹೇಳುತ್ತದೆ, ಅಂಕ ಇನ್ನೊಂದನ್ನು ಹೇಳುತ್ತದೆ. ಕಾವ್ಯದಲ್ಲಿ ಅರ್ಥಕ್ಕೂ ಛಂದಸ್ಸಿಗೂ ಜಗಳ ಬಂದಂತಾಯಿತು. ಈ ಪ್ರಕಾರದಲ್ಲಿ ನಿಯಮವೂ ಭಾಷೆಯೇ. ನಿಯಮ ಆಡಿದ ಮಾತನ್ನು ಆಟಗಾರನ ಕೈ ಕೇಳಿಸಿಕೊಳ್ಳುತ್ತದೆ. ವಿವೇಕಿಯಾದ ಆಟಗಾರನು ಬಿಯರನ್ನು ಬಿಟ್ಟು ಮೆಣಸಿನಕಾಯಿಯನ್ನು ಬೆಳೆದು ಕೊಡುವುದುಂಟು. ಆದರೆ ಆ ವಿವೇಕ ಆಟಗಾರನದು, ಕೃತಿಯದಲ್ಲ.

ಎರಡನೆಯದು ವಿವಾಹಾನಂತರದ ಶೇನ್. ಮದುವೆಯಾದ ಮೇಲೆ ಅವನು ನಾಯಕನ ಮನೆಗೆ ಬರುತ್ತಾನೆ; ಜಾಸ್ ಮಾರ್ನಿಯ ಮನೆಯಲ್ಲಿಯೇ ಉಳಿಯುತ್ತಾಳೆ. ಧರ್ಮಪಿತನಾದವನು ಮಗುವನ್ನು ಬಿಟ್ಟು ಬಂದನೆಂಬುದರ ಭಾರವನ್ನು ಕೃತಿ ಎತ್ತಿಕೊಳ್ಳುವುದಿಲ್ಲ. ಹೊಸ ಮನೆಯಲ್ಲಿ ಅವನಿಗೆ ದೊರೆತ ಕೋಣೆ ಹಳೆಯ ಕೋಣೆಯಂತೆಯೇ ಕಸಕಡ್ಡಿಗಳಿಂದ ತುಂಬಿರುತ್ತದೆ. ಕೆಲವೊಮ್ಮೆ ಪೈರಿಗೆ ನೀರು ಹಾಕುತ್ತಾನೆ, ಕೆಲವೊಮ್ಮೆ ಪಶುಗಳಿಗೆ ಮೇವು ಹಾಕುತ್ತಾನೆ. ಈ ಕೆಲಸಗಳನ್ನು ಈ ಆಟದಲ್ಲಿ ಕೈಹಿಡಿದ ಎಲ್ಲ ಸಂಗಾತಿಗಳೂ ಮಾ‍ಡುತ್ತಾರೆ. ೨೦೧೯ರ ಪರಿಷ್ಕರಣದಲ್ಲಿ ವಿವಾಹಿತರಿಗೆ ೧೪ ಹೃದಯಗಳ ಹೊಸ ಘಟ್ಟವೊಂದು ಸೇರಿದರೂ ಈ ಮೂಲಭೂತ ಕೊರತೆ ಪರಿಹಾರವಾಗಲಿಲ್ಲ. ಅವನನ್ನು ನಂಬುವಂತೆ ಮಾಡಿದ ಆ ಅನಪೇಕ್ಷ ಜೀವನ, ಅಂದರೆ ಅವನ ದುಡಿಮೆ, ಅವನ ಮಗು, ಅವನ ಕೋಳಿಗಳು, ವರಣಮಾಲೆ ಬಿದ್ದ ಕೂಡಲೆ ಮಸುಕಾಗುತ್ತದೆ. ಉಪಪಾತ್ರವು ಪ್ರಣಯಪಾತ್ರವಾಗುವವರೆಗೆ ಸಜೀವವಾಗಿದ್ದು, ಆದ ಮರುದಿನ ಮತ್ತೆ ಉಪಪಾತ್ರವಾಗುತ್ತದೆ. ಈ ಬಾರಿ ಹಳ್ಳಿಯ ಅಂಚಿನಲ್ಲಲ್ಲ, ನಾಯಕನ ಮನೆಯ ಅಂಚಿನಲ್ಲಿ.

ಈ ದೋಷ ಶೇನ್‌ನ ಪಾತ್ರಕ್ಕೆ ಮಾತ್ರ ಸೀಮಿತವಲ್ಲ. ಪೂರ್ವರಾಗವನ್ನು ಬಣ್ಣಿಸಿ ವಿವಾಹದಲ್ಲಿ ಮುಗಿಸುವ ನಾಟಕಗಳ ಹಳೆಯ ಅಭ್ಯಾಸವೇ ಇಲ್ಲಿಯೂ ಮುಂದುವರಿದಿದೆ. ನಾಟಕಕ್ಕೆ ಅದು ಸಲ್ಲುತ್ತದೆ. ಭರತವಾಕ್ಯದ ಬಳಿಕ ತೆರೆ ಬೀಳುತ್ತದೆ. ಬೇಸಾಯದ ಆಟಕ್ಕೆ ತೆರೆಯಿಲ್ಲ. ವಿವಾಹದ ಬೆಳಗ್ಗೆಯ ಬಳಿಕವೂ ಉಳುಮೆ, ಬಿತ್ತನೆ, ಸುಗ್ಗಿಗಳು ವರ್ಷವರ್ಷವೂ ತಿರುಗುತ್ತವೆ. ಆ ಸುದೀರ್ಘ ಸಂಭೋಗಶೃಂಗಾರವನ್ನು ನಿರ್ವಹಿಸುವ ಕಲೆ ಈ ಪ್ರಕಾರಕ್ಕೆ ಇನ್ನೂ ಪೂರ್ಣವಾಗಿ ಕೈವಶವಾಗಿಲ್ಲ.

೬

ಮೇಲಿನ ಪರಾಮರ್ಶೆಯಿಂದ ಕೆಲವು ತತ್ತ್ವಗಳನ್ನು ಸಂಗ್ರಹಿಸಬಹುದು. ಉಪಪಾತ್ರಕ್ಕೆ ಪ್ರಣಯಾಧಿಕಾರವನ್ನು ಕೊಡುವಾಗ ಕರ್ತೃವು ಹೊಸ ಶಕ್ತಿಯನ್ನೋ ಹೊಸ ವಂಶವನ್ನೋ ಹುಡುಕಬೇಕಾಗಿಲ್ಲ; ಮೊದಲೇ ಇದ್ದ ಚಿಕ್ಕ ಗುರುತುಗಳನ್ನು ಆಳವಾಗಿ ಓದಿದರೆ ಸಾಕು. ನಾಯಕನಿಲ್ಲದ ಹೊತ್ತಿನಲ್ಲಿ ಆ ಪಾತ್ರವು ಬದುಕಿರಬೇಕು, ಸೋತಿರಬೇಕು, ಯಾರನ್ನಾದರೂ ಹಚ್ಚಿಕೊಂಡಿರಬೇಕು. ಅದರ ಗಾಯಕ್ಕೆ ನಾಯಕನ ಪ್ರೇಮವೊಂದೇ ಔಷಧವಾಗಬಾರದು. ನಾಯಕನು ಬೇಡವೆಂದು ಮುಂದೆ ಹೋದರೂ ಅದರ ಬದುಕು ನಿಲ್ಲಬಾರದು. ಈ ನಾಲ್ಕೂ ಗ್ಯಾರಸನಲ್ಲಿ ಹೆಚ್ಚಾಗಿಯೂ, ಶೇನನಲ್ಲಿ ವಿವಾಹದವರೆಗೆ ಪೂರ್ಣವಾಗಿಯೂ, ಹಾರ್ಡಿಂಗಳಲ್ಲಿ ಅಂಶತಃ ಮಾತ್ರವೂ ಕಾಣುತ್ತವೆ.

ಯಂತ್ರದ ಒಳಗಿನ ಗೊಂಬೆಯ ಒಲವಿಗೆ ಇಷ್ಟು ವಿಚಾರ ಬೇಕೇ ಎಂದು ಕೇಳುವವರು ಇದ್ದಾರು. ಗೊಂಬೆಯ ವಿಚಾರ ಇಲ್ಲಿ ನೆಪ. ತನ್ನ ಇಷ್ಟಕ್ಕೆ ಮಣಿಯುವುದಕ್ಕಾಗಿಯೇ ನಿರ್ಮಿತವಾದ ಲೋಕವೊಂದರಲ್ಲಿ ಗಂಟೆಗಟ್ಟಲೆ ವಿಹರಿಸುವ ತರುಣ ತರುಣಿಯರ ಸಂಖ್ಯೆ ಇಂದು ಕೋಟಿಗಳಲ್ಲಿದೆ. ಉಡುಗೊರೆ ಕೊಟ್ಟರೆ ಒಲವು ಸಿಕ್ಕೇ ಸಿಗುತ್ತದೆಂಬ ಪಾಠವನ್ನು ಆ ಲೋಕದ ಗಣಿತ ಅವರಿಗೆ ದಿನವೂ ಕಲಿಸುತ್ತಿರುತ್ತದೆ. ಆ ಪಾಠದ ನಡುವೆಯೇ, ಎದುರಿಗಿರುವವನು ತನಗಾಗಿ ಹುಟ್ಟಿದವನಲ್ಲ, ಅವನಿಗೆ ಅವನದೇ ಕತ್ತಲೆಯೂ ಅವನದೇ ಬೆಳಗೂ ಉಂಟು ಎಂಬ ಅರಿವನ್ನು ಅಂಗಡಿಯ ಕೂಲಿಯೊಬ್ಬನ ಸಿಡುಕು ಮುಖದ ಮೂಲಕ ಕೃತಿಯೊಂದು ಮೂಡಿಸಿದರೆ ಅದು ಅಲ್ಪ ಸಾಧನೆಯಲ್ಲ. ಪತ್ರಲೇಖೆಗೆ ಒಂದು ಮನಸ್ಸಿರಬಹುದೆಂದು ಶಂಕಿಸಿದ ವಿಮರ್ಶಕನ ಸಂಸ್ಕಾರವೂ ಇದೇ ಆಗಿತ್ತು.